ಸ್ಲೋ ಪಿಚ್ ಸಾಫ್ಟ್‌ಬಾಲ್: ಪಿಚ್ ಮಾಡಲು ಕಲಿಯುವುದು ಹೇಗೆ?

ಅಮೆರಿಕದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಬೇಸಿಗೆ ಹತ್ತಿರ ಬಂತೆಂದರೆ ಆಫೀಸಿನಿಂದ ಒಂದು ಈಮೇಲ್ ಬರುವುದುಂಟು. ಕಂಪನಿಯ ಸಾಫ್ಟ್‌ಬಾಲ್ ಟೀಮಿಗೆ ಜನ ಬೇಕು. ಹೆಸರು ಕೊಟ್ಟು ಮೈದಾನಕ್ಕೆ ಹೋದರೆ, "ನೀನು ಕ್ರಿಕೆಟ್ ಆಡಿದವನಲ್ವಾ, ನೀನೇ ಪಿಚ್ ಮಾಡು" ಎಂದು ಚೆಂಡು ಕೈಗೆ ಕೊಟ್ಟುಬಿಡುತ್ತಾರೆ. ಇಲ್ಲಿ ಪಿಚ್ ಮಾಡುವುದು ಎಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದು. ಕ್ರಿಕೆಟ್‌ನ ಕೈ ಇಲ್ಲಿ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಆದರೆ ಸ್ಪಿನ್ನರ್‌ನ ತಲೆ ಖಂಡಿತ ಬರುತ್ತದೆ. ಎರಪಳ್ಳಿ ಪ್ರಸನ್ನ ಚೆಂಡನ್ನು ಗಾಳಿಯಲ್ಲಿ ತೇಲಿಸಿ ಬ್ಯಾಟ್ಸ್‌ಮನ್‌ನ ಅಂದಾಜು ತಪ್ಪಿಸುತ್ತಿದ್ದರಲ್ಲ, ಸ್ಲೋ ಪಿಚ್ ಅಂದರೆ ಪೂರ್ತಿ ಅದೇ ಕೆಲಸ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಲಿಂಪಿಕ್ಸ್‌ನಲ್ಲಿ ನೋಡಿದ, ಕೈಯನ್ನು ಗಿರಗಿರ ತಿರುಗಿಸಿ ರಭಸದಿಂದ ಎಸೆಯುವ ಸಾಫ್ಟ್‌ಬಾಲ್ ಬೇರೆ. ಅದು ಫಾಸ್ಟ್ ಪಿಚ್. ಸ್ಲೋ ಪಿಚ್‌ನಲ್ಲಿ ಬ್ಯಾಟರ್ ಹೊಡೆಯಲೆಂದೇ ಚೆಂಡು ಎಸೆಯುತ್ತೇವೆ. ಮೂರು ಸ್ಟ್ರೈಕ್ (ಬ್ಯಾಟರ್ ಬಿಟ್ಟ ಸರಿಯಾದ ಚೆಂಡು, ಇಲ್ಲವೇ ಬೀಸಿ ತಪ್ಪಿದ ಚೆಂಡು) ಹಾಕಿ ಔಟ್ ಮಾಡುತ್ತೇನೆ ಎಂಬ ಆಸೆ ಬೇಡ. ಬ್ಯಾಟರ್ ಹೊಡೆದೇ ಹೊಡೆಯುತ್ತಾನೆ. ಆ ಹೊಡೆತ ಸರಿಯಾಗಿ ಕೂರದ ಹಾಗೆ ಮಾಡುವುದು ನಿಮ್ಮ ಕೆಲಸ. ಉಳಿದದ್ದನ್ನು ಹಿಂದಿರುವ ಫೀಲ್ಡರ್‌ಗಳು ನೋಡಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಫೀಲ್ಡಿಂಗ್‌ಗೆ ಫಾಸ್ಟ್ ಪಿಚ್‌ನ ಹಾಗೆ ಒಂಬತ್ತಲ್ಲ, ಹತ್ತು ಜನ.

ಮೊದಲು ನಿಮ್ಮ ಲೀಗಿನ ನಿಯಮ ಕೇಳಿ

ಇದನ್ನು ಬಿಟ್ಟು ಅಭ್ಯಾಸ ಶುರು ಮಾಡಿದರೆ ಶ್ರಮ ದಂಡ. ಚೆಂಡು ನೆಲದಿಂದ ಎಷ್ಟು ಎತ್ತರಕ್ಕೆ ಏರಿ ಇಳಿಯಬೇಕು ಎನ್ನುವುದು ಲೀಗಿನಿಂದ ಲೀಗಿಗೆ ಬೇರೆ. ಈ ಏರಿಳಿತಕ್ಕೆ ಎಲ್ಲರೂ ಆರ್ಕ್ ಎನ್ನುತ್ತಾರೆ. ಕೆಲವು ಕಡೆ 6 ಅಡಿಯಿಂದ 10 ಅಡಿ, ಕೆಲವು ಕಡೆ 12 ಅಡಿಯವರೆಗೆ ಬಿಡುತ್ತಾರೆ. ಯುಎಸ್‌ಎಸ್‌ಎಸ್‌ಎ ಎಂಬ ಅಮೆರಿಕದ ಕ್ರೀಡಾ ಸಂಸ್ಥೆಯ ನಿಯಮದಲ್ಲಿ ಆಡುವವರಿಗೆ 3 ಅಡಿಯಿಂದ 10 ಅಡಿ, ಅಂದರೆ ಸಾಕಷ್ಟು ಚಪ್ಪಟೆ ಚೆಂಡೂ ನಡೆಯುತ್ತದೆ.

ಎರಡನೆಯದು ಸ್ಟ್ರೈಕ್ ಹೇಗೆ ಲೆಕ್ಕ ಹಾಕುತ್ತಾರೆ ಎನ್ನುವುದು. ಸಾಮಾನ್ಯ ನಿಯಮದಲ್ಲಿ ಚೆಂಡು 17 ಇಂಚು ಅಗಲದ ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಕಿರುವ ಬಿಳಿ ಹಲಗೆ) ಮೇಲೆ ಹಾಯುವಾಗ ಬ್ಯಾಟರ್‌ನ ಹಿಂದಿನ ಭುಜಕ್ಕೂ ಮುಂದಿನ ಮೊಣಕಾಲಿಗೂ ನಡುವೆ ಇರಬೇಕು. ಇದನ್ನು ಅಂಪೈರ್ ಕಣ್ಣಳತೆಯಲ್ಲಿ ಹೇಳಬೇಕಾದ್ದರಿಂದ ಜಗಳ ಜಾಸ್ತಿ. ಹಾಗಾಗಿ ಎಷ್ಟೋ ಲೀಗುಗಳು ಪ್ಲೇಟಿನ ಹಿಂದೆ ಒಂದು ಮ್ಯಾಟ್ ಹಾಸುತ್ತವೆ. ಚೆಂಡು ಮ್ಯಾಟ್ ಮೇಲೆ ಬಿದ್ದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್, ಅಂದರೆ ಪಿಚರ್‌ನ ತಪ್ಪು ಚೆಂಡು. ಮ್ಯಾಟ್ ಇದ್ದರೆ ಹೊಸಬರಿಗೆ ಸುಲಭ.

ಲೆಕ್ಕ ಎಲ್ಲಿಂದ ಶುರು ಎನ್ನುವುದನ್ನೂ ಕೇಳಿಕೊಳ್ಳಿ. ಆಟ ಬೇಗ ಮುಗಿಯಲಿ ಎಂದು ತುಂಬಾ ಲೀಗುಗಳಲ್ಲಿ ಒಂದು ಬಾಲ್, ಒಂದು ಸ್ಟ್ರೈಕ್ ಆಗಲೇ ಆಗಿದೆ ಎಂದುಕೊಂಡೇ ಪ್ರತಿ ಬ್ಯಾಟರ್ ಬರುತ್ತಾನೆ. ಹಾಗಿದ್ದರೆ ನೀವು ಮೂರು ಬಾಲ್ ಹಾಕಿದರೆ ಸಾಕು, ನಾಲ್ಕು ತುಂಬಿ ವಾಕ್. ಅಂದರೆ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸ್‌ಗೆ, ಓಟದ ಮೊದಲ ತಂಗುದಾಣಕ್ಕೆ, ನಡೆದುಹೋಗುತ್ತಾನೆ. ಗಂಡಸರು ಹೆಂಗಸರು ಕೂಡಿ ಆಡುವ ಕೋ-ಎಡ್ ಲೀಗಿನಲ್ಲಿ ಇನ್ನೊಂದು ತಂಟೆ ಇದೆ. ಅಲ್ಲಿ ಸಾಮಾನ್ಯವಾಗಿ ಗಂಡಸಿಗೆ ವಾಕ್ ಕೊಟ್ಟರೆ ಅವನಿಗೆ ಒಂದಲ್ಲ, ಎರಡು ಬೇಸ್. ಮುಂದಿನ ಹೆಣ್ಣು ಬ್ಯಾಟರ್ ಸುಲಭದ ತುತ್ತು ಎಂದುಕೊಂಡು ಗಂಡಸರನ್ನು ಬೇಕೆಂದೇ ದಾಟಿಸುವ ಚಾಳಿಗೆ ಹಾಕಿದ ಲಗಾಮು ಅದು. ಒಳ್ಳೆಯ ನಿಯಮ ಎಂದೇ ನನ್ನ ಅಭಿಪ್ರಾಯ.

ಇನ್ನು ಪಿಚ್ ಮಾಡುವ ರೀತಿ. ರಬ್ಬರ್ ಎಂಬ ಬಿಳಿ ಪಟ್ಟಿಯ ಮೇಲೆ ಒಂದು ಪಾದ ಇರಬೇಕು. ಅಲ್ಲಿಂದ ಪ್ಲೇಟಿಗೆ 50 ಅಡಿ, ಅಂದರೆ ಹದಿನೈದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಚೆಂಡನ್ನು ಮೈ ಮುಂದೆ ಹಿಡಿದು, ಬ್ಯಾಟರ್ ಕಡೆ ಮುಖ ಮಾಡಿ, ಕನಿಷ್ಠ ಒಂದು ಸೆಕೆಂಡ್ ಅಲ್ಲಾಡದೆ ನಿಲ್ಲಬೇಕು. ಆಮೇಲೆ ಕೈ ಕೆಳಗಿನಿಂದ ಬೀಸಿ ಎಸೆಯಬೇಕು. ಚೆಂಡು ಕೈ ಬಿಡುವ ತನಕ ಆ ಪಾದ ರಬ್ಬರ್ ಬಿಡಬಾರದು. ಕ್ರಿಕೆಟ್ ಆಡಿದವರಿಗೆ ಈ ನಿಂತ ನಿಲುವೇ ಕಷ್ಟ. ಕಾಲು ತಾನಾಗಿಯೇ ಓಡಲು ನೋಡುತ್ತದೆ. ಕೆಲವು ಲೀಗುಗಳು ರಬ್ಬರ್‌ನಿಂದ 6 ಅಡಿ ಹಿಂದಿನವರೆಗೆ ಎಲ್ಲಿಂದ ಬೇಕಾದರೂ ಎಸೆಯಲು ಬಿಡುತ್ತವೆ. ನಿಮ್ಮಲ್ಲಿ ಆ ಅವಕಾಶ ಇದ್ದರೆ ಬಿಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಚೆಂಡು ಹಿಡಿಯುವುದು

ಹೆಸರಿಗೆ ಸಾಫ್ಟ್, ಚೆಂಡೇನೂ ಮೆತ್ತಗಿಲ್ಲ. ಗಂಡಸರ ಆಟದ ಚೆಂಡಿನ ಸುತ್ತಳತೆ 12 ಇಂಚು, ತೂಕ 180ರಿಂದ 200 ಗ್ರಾಂ ಆಸುಪಾಸು. ಕ್ರಿಕೆಟ್ ಚೆಂಡಿನ ಸುತ್ತಳತೆ 9 ಇಂಚು, ತೂಕ 160 ಗ್ರಾಂ ಹತ್ತಿರ. ಅಂದರೆ ಇದು ಅಂಗೈ ತುಂಬಿ ಹೊರಗೂ ಉಳಿಯುತ್ತದೆ. ಹೆಂಗಸರ ಚೆಂಡು 11 ಇಂಚಿನದು. ಕೋ-ಎಡ್ ಆಟದಲ್ಲಿ ಎಷ್ಟೋ ಕಡೆ ಬ್ಯಾಟರ್ ಬದಲಾದಂತೆ ಚೆಂಡೂ ಬದಲಾಗುತ್ತದೆ. ಹಾಗಾಗಿ ಎರಡರಲ್ಲೂ ಕೈ ಪಳಗಲಿ.

ಶುರುವಿಗೆ ಸೀದಾ ಹಿಡಿತ ಸಾಕು. ಮೂರು ಅಥವಾ ನಾಲ್ಕು ಬೆರಳಿನ ತುದಿ ಹೊಲಿಗೆಯ ಮೇಲೆ ಅಡ್ಡಕ್ಕೆ ಕೂರಲಿ, ಹೆಬ್ಬೆರಳು ಎದುರು ಬದಿಗೆ ಬರಲಿ. ಚೆಂಡು ಅಂಗೈಗೆ ಒತ್ತಿಕೊಳ್ಳಬಾರದು. ಬೆರಳಿಗೂ ಅಂಗೈಗೂ ನಡುವೆ ಸಣ್ಣ ಸಂದು ಕಾಣಬೇಕು. ಗಟ್ಟಿಯಾಗಿ ಅಮುಕಿದರೆ ಚೆಂಡು ಕೈಯಿಂದ ತಡವಾಗಿ ಬಿಡುತ್ತದೆ, ಒಂದೊಂದು ಸಲ ಒಂದೊಂದು ಎತ್ತರಕ್ಕೆ ಹೋಗುತ್ತದೆ.

ಬೀಸುವುದು, ಬಿಡುವುದು

ಬಲಗೈಯವರು ಬಲಪಾದ ರಬ್ಬರ್ ಮೇಲಿಡಿ. ಎಡಗೈಯವರಿಗೆ ಎಲ್ಲ ತಿರುಗುಮುರುಗು. ನಿಲ್ಲಿ, ಉಸಿರು ಬಿಡಿ, ಕೈಯನ್ನು ಸೊಂಟದ ಪಕ್ಕದಲ್ಲಿ ಹಿಂದಕ್ಕೆ ಒಯ್ದು ಮುಂದಕ್ಕೆ ತನ್ನಿ. ಕೈ ಮುಂದೆ ಬರುವಾಗಲೇ ಎಡಗಾಲು ಒಂದು ಸಣ್ಣ ಹೆಜ್ಜೆ ಪ್ಲೇಟಿನ ಕಡೆ ಇಡಲಿ. ಮೊಣಕೈ ಮಡಚಬೇಡಿ. ಬಲ ಭುಜದಿಂದ ಬರಲಿ, ಮಣಿಕಟ್ಟಿನಿಂದ ಬೇಡ.

ಕಟ್ಟಡದ ಕೆಲಸದಲ್ಲಿ ಕೆಳಗಿರುವವರು ಮೇಲಿರುವ ಗಾರೆಯವರಿಗೆ ಇಟ್ಟಿಗೆ ಎಸೆದು ಕೊಡುವುದನ್ನು ನೋಡಿರುತ್ತೀರಿ. ಇಟ್ಟಿಗೆ ಏರಿ, ಮೇಲಿನವರ ಕೈ ಹತ್ತಿರ ಬಂದಾಗ ವೇಗ ಕಳೆದುಕೊಂಡು ಮೆತ್ತಗೆ ಕೂರುತ್ತದೆ. ಪ್ರತಿ ಸಲವೂ ಅಷ್ಟೇ ಬಲ, ಅಷ್ಟೇ ಎತ್ತರ. ನಿಮಗೆ ಬೇಕಾದ್ದು ಆ ತೋಳು.

ಚೆಂಡು ಬಿಡುವ ಜಾಗ ಸೊಂಟಕ್ಕಿಂತ ಸ್ವಲ್ಪ ಮುಂದೆ. ಬಿಟ್ಟ ಮೇಲೂ ಕೈ ಅಲ್ಲೇ ನಿಲ್ಲದೆ ಕಣ್ಣಿನ ಮಟ್ಟದವರೆಗೆ ಏರಲಿ. ಬೇಗ ಬಿಟ್ಟರೆ ಚೆಂಡು ತಗ್ಗಾಗಿ, ಚಪ್ಪಟೆಯಾಗಿ ಹೋಗುತ್ತದೆ. ತಡವಾಗಿ ಬಿಟ್ಟರೆ ಆಕಾಶ ನೋಡಿ ಪ್ಲೇಟಿಗೆ ಮುಂಚೆಯೇ ಬೀಳುತ್ತದೆ. ಹೊಸಬರ ತೊಂದರೆಯಲ್ಲಿ ಮುಕ್ಕಾಲು ಪಾಲು ಇದೇ. ಬಲ ಜಾಸ್ತಿ ಕಡಿಮೆ ಮಾಡಿ ಸರಿಪಡಿಸಲು ಹೋಗುತ್ತಾರೆ. ಸರಿಪಡಿಸಬೇಕಾದ್ದು ಬಿಡುವ ಗಳಿಗೆ.

ಎತ್ತರ ಪಳಗಿಸಲು ಒಂದು ಹಗ್ಗ, ಒಂದು ಬಕೆಟ್

ಇಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಆದರೂ ಅಡ್ಡಿಯಿಲ್ಲ. ಪಾರ್ಕಿನಲ್ಲಿ 50 ಅಡಿ ಅಳೆದು ಎರಡೂ ತುದಿಗೆ ಗುರುತು ಹಾಕಿ. ನಡುವೆ, ನಿಮ್ಮಿಂದ ಸುಮಾರು 22ರಿಂದ 25 ಅಡಿ ದೂರದಲ್ಲಿ, ಎರಡು ಕಂಬ ಅಥವಾ ಮರಗಳಿಗೆ ಎರಡು ಹಗ್ಗ ಕಟ್ಟಿ. ಕೆಳಗಿನದು 6 ಅಡಿ ಎತ್ತರಕ್ಕೆ, ಮೇಲಿನದು ನಿಮ್ಮ ಲೀಗ್ ಒಪ್ಪುವ ಗರಿಷ್ಠ ಎತ್ತರಕ್ಕೆ. ಚೆಂಡು ಎರಡರ ನಡುವೆ ತೂರಿ ಹೋಗಬೇಕು. ನಡುವಿಗಿಂತ ಒಂಚೂರು ನಿಮ್ಮ ಕಡೆಗೇ ಹಗ್ಗ ಯಾಕೆಂದರೆ, ಚೆಂಡು ಕೈ ಬಿಡುವುದು ಸುಮಾರು ಮೂರು ಅಡಿ ಎತ್ತರದಲ್ಲಿ, ಬೀಳುವುದು ನೆಲಕ್ಕೆ. ಏರುವುದು ಕಡಿಮೆ, ಇಳಿಯುವುದು ಜಾಸ್ತಿ. ಹಾಗಾಗಿ ತುತ್ತತುದಿ ಸರಿಯಾಗಿ ನಡುವಿನಲ್ಲಿ ಬರುವುದಿಲ್ಲ.

ಹತ್ತು ಅಡಿ ಏರುವ ಚೆಂಡು ಪ್ಲೇಟ್ ಮುಟ್ಟಲು ಸುಮಾರು 1.4 ಸೆಕೆಂಡ್ ತೆಗೆದುಕೊಳ್ಳುತ್ತದೆ. ಕೈಯಿಂದ ಹೊರಡುವ ವೇಗ ಗಂಟೆಗೆ 40 ಕಿಲೋಮೀಟರ್ ಚಿಲ್ಲರೆ ಅಷ್ಟೇ. ಆರು ಅಡಿ ಏರುವ ಚೆಂಡು ಸುಮಾರು ಒಂದು ಸೆಕೆಂಡಿನಲ್ಲೇ ತಲುಪುತ್ತದೆ. ಎತ್ತರದ ಚೆಂಡು ಕಡಿದಾಗಿ ಇಳಿಯುತ್ತದೆ, ಬ್ಯಾಟ್ ಅದಕ್ಕೆ ಸರಿಯಾಗಿ ಕೂರುವುದು ಕಷ್ಟ. ಚಪ್ಪಟೆ ಚೆಂಡು ಬ್ಯಾಟ್ ಬೀಸುವ ದಾರಿಯಲ್ಲೇ ಬರುತ್ತದೆ. ಅದಕ್ಕೇ ಹೊಸಬರು ಲೀಗ್ ಒಪ್ಪುವ ಎತ್ತರದ ಮೇಲಿನ ಅರ್ಧದಲ್ಲೇ ಎಸೆಯಲಿ ಎಂದು ನಾನು ಹೇಳುವುದು.

ಮೊದಲ ಕೆಲವು ದಿನ ಹಗ್ಗ ಮಾತ್ರ ನೋಡಿ. ಚೆಂಡು ಎಲ್ಲಿ ಬಿತ್ತು ಎನ್ನುವುದರ ಗೊಡವೆ ಬೇಡ. ಎತ್ತರ ಒಂದೇ ಸಮ ಬರತೊಡಗಿದ ಮೇಲೆ ಬಕೆಟ್ ತನ್ನಿ.

ಬಕೆಟ್ ಇಡಬೇಕಾದ್ದು ಪ್ಲೇಟಿನ ಮೇಲಲ್ಲ, ಪ್ಲೇಟಿನ ಹಿಂದೆ ಎರಡು ಅಡಿಗೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಪ್ಲೇಟಿನ ಮೇಲೇ ಬೀಳುವ ಚೆಂಡು ಬ್ಯಾಟರ್‌ನ ಮೊಣಕಾಲಿಗಿಂತ ಕೆಳಗೆ ಬಂದಿರುತ್ತದೆ, ಅದು ಬಾಲ್. ಹತ್ತು ಅಡಿ ಏರಿದ ಚೆಂಡು ಸ್ಟ್ರೈಕ್ ಆಗಬೇಕಾದರೆ ಅದು ಪ್ಲೇಟಿನ ಹಿಂದೆ ಸುಮಾರು ಮುಕ್ಕಾಲು ಅಡಿಯಿಂದ ಆರೇಳು ಅಡಿಯೊಳಗೆ ನೆಲ ಮುಟ್ಟಬೇಕು. ಮುಂದೆ ಬಿದ್ದಷ್ಟೂ ಬ್ಯಾಟರ್‌ಗೆ ತಗ್ಗಿನ ಚೆಂಡು, ಹಿಂದೆ ಬಿದ್ದಷ್ಟೂ ಭುಜದ ಮಟ್ಟದ್ದು. ಇದನ್ನೇ ಆಟಗಾರರು ಶಾರ್ಟ್, ಡೀಪ್ ಎನ್ನುತ್ತಾರೆ. ಕ್ರಿಕೆಟ್‌ನವರು ಲೆಂತ್ ಎಂದುಕೊಂಡರೂ ನಡೆಯುತ್ತದೆ. ಹಾಗಾಗಿ ಎಸೆದ ಪ್ರತಿ ಚೆಂಡೂ ಎಲ್ಲಿ ಬಿತ್ತು ಎಂದು ನೋಡಿ. ಅಂಪೈರ್ ಏನಂದ ಎನ್ನುವುದಕ್ಕಿಂತ ಅದು ನಿಮಗೆ ಹೆಚ್ಚು ಕಲಿಸುತ್ತದೆ.

ಒಂದು ಡಜನ್ ಚೆಂಡು ಇಟ್ಟುಕೊಂಡು ಸುತ್ತು ಸುತ್ತಾಗಿ ಎಸೆಯಿರಿ. ಹತ್ತಕ್ಕೆ ಏಳು ಬಕೆಟ್‌ಗೆ ಅಥವಾ ಅದರ ಸುತ್ತ ಒಂದು ಅಡಿಯೊಳಗೆ ಬಿದ್ದರೆ ನೀವು ಪಂದ್ಯಕ್ಕೆ ತಯಾರು. ಆಮೇಲೆ ಬಕೆಟ್ ಅನ್ನು ಒಂದು ಮೂಲೆಗೆ ಸರಿಸಿ, ಇನ್ನೊಂದು ಮೂಲೆಗೆ ಸರಿಸಿ, ಇನ್ನೂ ಹಿಂದಕ್ಕಿಡಿ.

ಎಸೆದ ಮೇಲೆ ಅಲ್ಲೇ ನಿಲ್ಲಬೇಡಿ

ಇದನ್ನು ಕೊನೆಗೆ ಸೇರಿಸುವ ಮಾತು ಎಂದುಕೊಳ್ಳುವವರೇ ಹೆಚ್ಚು. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಬ್ಯಾಟರ್ ಹೊಡೆದ ಚೆಂಡು ನೇರ ನಿಮ್ಮ ಕಡೆಗೇ ಬರಬಹುದು. ಅಮೆರಿಕದ ಯುಎಸ್‌ಎ ಸಾಫ್ಟ್‌ಬಾಲ್ ಸಂಸ್ಥೆ ಬ್ಯಾಟ್‌ಗಳಿಗೆ ಇಟ್ಟಿರುವ ಮಿತಿಯೇ ಗಂಟೆಗೆ 98 ಮೈಲಿ ವೇಗದ ಹೊಡೆತ. ಅದು ಸುಮಾರು 158 ಕಿಲೋಮೀಟರ್. ಆ ವೇಗದ ಚೆಂಡು 50 ಅಡಿ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಕೈ ಎತ್ತುವ ಮೊದಲೇ ಮುಖಕ್ಕೆ ಬಂದಿರುತ್ತದೆ.

ಹಾಗಾಗಿ ಚೆಂಡು ಕೈ ಬಿಟ್ಟ ಕೂಡಲೇ ಎರಡು ಮೂರು ಹೆಜ್ಜೆ ಹಿಂದಕ್ಕೆ ಸರಿಯಿರಿ. ಬ್ಯಾಟರ್‌ಗೆ ಬೆನ್ನು ಹಾಕಬೇಡಿ. ಮೊಣಕಾಲು ಸ್ವಲ್ಪ ಬಾಗಿಸಿ, ಗ್ಲೌಸ್ ಎದೆಯ ಮುಂದೆ ತೆರೆದು ನಿಲ್ಲಿ. ಎತ್ತರದ ಆರ್ಕ್ ಇಲ್ಲಿ ಇನ್ನೊಂದು ಉಪಕಾರ ಮಾಡುತ್ತದೆ. ಚೆಂಡು ಗಾಳಿಯಲ್ಲಿ ಇರುವ 1.4 ಸೆಕೆಂಡಿನಲ್ಲಿ ಐದಾರು ಅಡಿ ಹಿಂದೆ ಹೋಗಬಹುದು. ಚಪ್ಪಟೆ ಚೆಂಡು ಎಸೆದರೆ ಅಷ್ಟು ಪುರುಸೊತ್ತು ಇಲ್ಲ. ರಬ್ಬರ್‌ನ ಹಿಂದಿನಿಂದ ಎಸೆಯುವ ಅವಕಾಶ ಬಿಡಬೇಡಿ ಎಂದದ್ದೂ ಇದಕ್ಕೇ.

ಮುಖಕ್ಕೆ ಮಾಸ್ಕ್ ಹಾಕಿ. ಕಡ್ಡಾಯ ಅಲ್ಲದಿದ್ದರೂ ಹಾಕಿ. ಮೊಣಕಾಲಿನ ಕೆಳಗೆ ಶಿನ್ ಗಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಸುಮ್ನೆ ಕಂಪನಿ ಆಟ, ಇಷ್ಟೆಲ್ಲ ಯಾಕೆ ಎಂದು ನಗುವವರಿದ್ದರೆ ನಗಲಿ. ಎದುರು ಟೀಮಿನಲ್ಲಿ ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದವನೊಬ್ಬ ಇದ್ದೇ ಇರುತ್ತಾನೆ.

ಬ್ಯಾಟರ್‌ನ ಕಾಲು ನೋಡಿ

ಎತ್ತರ, ಆಳ ಎರಡೂ ಕೈಗೆ ಬಂದ ಮೇಲೆ ಆಟ ರಂಗೇರುತ್ತದೆ. ಬ್ಯಾಟರ್ ತನ್ನ ಚೌಕದಲ್ಲಿ ಎಲ್ಲಿ ನಿಂತಿದ್ದಾನೆ ನೋಡಿ. ತೀರಾ ಹಿಂದೆ ನಿಂತಿದ್ದರೆ ಶಾರ್ಟ್ ಹಾಕಿ. ಮುಂದಕ್ಕೆ ಬಗ್ಗಿ ಹೊಡೆಯಬೇಕಾಗುತ್ತದೆ, ಬ್ಯಾಟ್ ಚೆಂಡಿನ ನೆತ್ತಿಗೆ ತಗುಲಿ ನೆಲದಲ್ಲಿ ಉರುಳುತ್ತದೆ. ಮುಂದೆ ಬಂದು ನಿಂತಿದ್ದರೆ ಡೀಪ್ ಹಾಕಿ. ಭುಜದ ಹತ್ತಿರ ಬರುವ ಚೆಂಡಿನ ಅಡಿಗೆ ಬ್ಯಾಟ್ ತಗುಲಿ ಸುಲಭದ ಕ್ಯಾಚ್ ಏಳುತ್ತದೆ. ಪ್ಲೇಟಿನಿಂದ ದೂರ ನಿಂತವನಿಗೆ ಹೊರಮೂಲೆ, ಅಂಟಿಕೊಂಡು ನಿಂತವನಿಗೆ ಒಳಮೂಲೆ. ಸ್ಲೋ ಪಿಚ್‌ನಲ್ಲಿ ಚೆಂಡು ಬ್ಯಾಟರ್‌ಗೆ ತಗುಲಿದರೂ ಬೇಸ್ ಕೊಡುವುದಿಲ್ಲ, ಆದ್ದರಿಂದ ಒಳಮೂಲೆಗೆ ಹೆದರಬೇಕಿಲ್ಲ. ಸೊಂಟದ ಎತ್ತರದಲ್ಲಿ, ಪ್ಲೇಟಿನ ನಟ್ಟನಡುವೆ ಮಾತ್ರ ಯಾರಿಗೂ ಹಾಕಬೇಡಿ. ಎಲ್ಲರೂ ಕಾಯುವುದು ಅದಕ್ಕೇ.

ರನ್ನರ್‌ಗಳ ಕಡೆಗೂ ಒಂದು ಕಣ್ಣಿರಲಿ. ಮೊದಲ ಬೇಸ್‌ನಲ್ಲಿ ಒಬ್ಬನಿದ್ದರೆ ಶಾರ್ಟ್ ಚೆಂಡು ಹಾಕಿ, ನೆಲದ ಹೊಡೆತ ಬಂದರೆ ರನ್ನರ್, ಬ್ಯಾಟರ್ ಇಬ್ಬರೂ ಔಟ್ ಆಗಬಹುದು. ಮೂರನೇ ಬೇಸ್‌ನಲ್ಲಿ ರನ್ನರ್ ಇದ್ದು, ಔಟ್ ಎರಡಕ್ಕಿಂತ ಕಡಿಮೆ ಇದ್ದರೆ ಡೀಪ್ ಬೇಡ. ದೂರದ ಕ್ಯಾಚ್ ಕೊಟ್ಟು ಬ್ಯಾಟರ್ ಔಟಾದರೂ, ಕ್ಯಾಚ್ ಹಿಡಿದ ಮೇಲೆ ರನ್ನರ್ ಓಡಿ ಅವರು ಒಂದು ರನ್ ಕದಿಯುತ್ತಾರೆ.

ಆರ್ಕ್ ಮಿತಿ ಮೀರಿದರೆ ಅಂಪೈರ್ ಚೆಂಡು ಗಾಳಿಯಲ್ಲಿರುವಾಗಲೇ ಇಲ್ಲೀಗಲ್ ಎಂದು ಕೂಗುತ್ತಾನೆ. ಬ್ಯಾಟರ್ ಬೀಸದಿದ್ದರೆ ಅದು ಬಾಲ್. ಆದರೆ ಬೀಸಿದರೆ ಆದದ್ದೇ ಲೆಕ್ಕ. ಹಾಗಾಗಿ ಬಾಲ್ ಲೆಕ್ಕ ಕಡಿಮೆ ಇದ್ದು, ಎದುರಿಗೆ ಆತುರದ ಬ್ಯಾಟರ್ ಇದ್ದರೆ ಬೇಕೆಂದೇ ಮಿತಿಗಿಂತ ಒಂದು ಅಡಿ ಎತ್ತರಕ್ಕೆ ಹಾಕುವವರಿದ್ದಾರೆ. ತಪ್ಪೇನಿಲ್ಲ, ಅಪರೂಪಕ್ಕೆ ಒಮ್ಮೆ.

ಸ್ಪಿನ್ ಆಮೇಲೆ

ಇದರ ಆಸೆ ಎಲ್ಲರಿಗೂ ಮೊದಲ ದಿನವೇ. ದಯವಿಟ್ಟು ತಡೆಯಿರಿ. ಅಂಗೈ ಮೇಲೆ ಮಾಡಿ ಎಸೆದರೆ ಚೆಂಡು ಬೆರಳ ತುದಿಯಿಂದ ಉರುಳಿ ಮುಂದಕ್ಕೆ ಸುತ್ತುತ್ತದೆ. ಇದು ತಾನಾಗಿಯೇ ಬರುವ ಟಾಪ್‌ಸ್ಪಿನ್, ಕೊನೆಗೆ ಬೇಗ ಇಳಿಯುತ್ತದೆ. ಕೈಯ ಹಿಂಬದಿ ಬ್ಯಾಟರ್ ಕಡೆ ಇರುವಂತೆ ಹಿಡಿದು ಬಿಟ್ಟರೆ ಬ್ಯಾಕ್‌ಸ್ಪಿನ್. ಇದು ಕೊನೆಯಲ್ಲಿ ಸ್ವಲ್ಪ ತೇಲುತ್ತದೆ. ಬ್ಯಾಟಿಗೆ ತಗುಲಿ ವಾಪಸ್ ಹೊರಟಾಗ ಇದೇ ಸುತ್ತು ಚೆಂಡನ್ನು ನೆಲದ ಕಡೆ ಎಳೆಯಲು ನೋಡುತ್ತದೆ. ಪಿಚರ್‌ಗಳಿಗೆ ಬ್ಯಾಕ್‌ಸ್ಪಿನ್ ಇಷ್ಟವಾಗಲು ಅದೇ ಕಾರಣ.

ನಕಲ್‌ಬಾಲ್ ಇನ್ನೊಂದು ಬಗೆ. ಉಗುರ ತುದಿಗಳನ್ನು ಹೊಲಿಗೆಗೆ ಕಚ್ಚಿಸಿ, ಮಣಿಕಟ್ಟು ಅಲ್ಲಾಡಿಸದೆ, ಎಲ್ಲ ಬೆರಳೂ ಒಟ್ಟಿಗೆ ಬಿಚ್ಚಿ ತಳ್ಳಬೇಕು. ಚೆಂಡು ಸುತ್ತುವುದೇ ಇಲ್ಲ, ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತದೆ. ಸರಿಯಾಗಿ ಬಂದರೆ ಬ್ಯಾಟರ್‌ಗೆ ತಲೆನೋವು. ಅರೆಬರೆ ಬಂದರೆ ನಿಮಗೇ ತಲೆನೋವು, ಏಕೆಂದರೆ ಆಳ ಹಿಡಿತಕ್ಕೆ ಸಿಗುವುದಿಲ್ಲ. ಯಾವುದೇ ಹಿಡಿತವಾದರೂ ಕೈಯನ್ನು ಗ್ಲೌಸ್ ಒಳಗೇ ಇಟ್ಟು ಹೊಂದಿಸಿಕೊಳ್ಳಿ, ಬ್ಯಾಟರ್ ಕಣ್ಣಿಗೆ ಬೀಳಬಾರದು.

ಗಾಳಿ

ಚೆಂಡು ಇಷ್ಟು ನಿಧಾನ ಹೋಗುವುದರಿಂದ ಗಾಳಿಯ ಆಟ ಜೋರು. ಮೈದಾನಕ್ಕೆ ಹೋದ ಕೂಡಲೇ ಬೇಲಿಯ ಮೇಲಿನ ಬಾವುಟ ನೋಡಿ, ಇಲ್ಲವೇ ಒಂದು ಹಿಡಿ ಹುಲ್ಲು ಹಾರಿಸಿ. ಗಾಳಿ ಪ್ಲೇಟಿನ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ಚೆಂಡು ಗಿಡ್ಡ ಬೀಳುತ್ತದೆ, ಒಂದೆರಡು ಅಡಿ ಡೀಪ್ ಗುರಿಯಿಡಿ. ಆ ಗಾಳಿ ಬ್ಯಾಟರ್‌ನ ಎತ್ತರದ ಹೊಡೆತವನ್ನೂ ಬೇಲಿಯಾಚೆ ಒಯ್ಯುತ್ತದೆ, ಆದ್ದರಿಂದ ಭುಜದ ಮಟ್ಟದ ಚೆಂಡು ಅಂದು ಬೇಡ. ಬೆನ್ನ ಹಿಂದಿನಿಂದ ಬೀಸಿದರೆ ಎಲ್ಲ ಉಲ್ಟಾ. ನಿಮ್ಮ ಚೆಂಡು ಉದ್ದ ಹೋಗುತ್ತದೆ, ಅವರ ಹೊಡೆತ ಗಾಳಿಯಲ್ಲೇ ಸಾಯುತ್ತದೆ, ಧೈರ್ಯವಾಗಿ ಎತ್ತರ ಹಾಕಿ. ಅಡ್ಡಗಾಳಿಯಿದ್ದರೆ ಗುರಿಯನ್ನು ಗಾಳಿ ಬರುವ ಕಡೆಗೆ ಅರ್ಧ ಅಡಿ ಸರಿಸಿ ಶುರು ಮಾಡಿ. ಪಂದ್ಯಕ್ಕೆ ಮುಂಚೆ ಅಂಪೈರ್ ಬಿಡುವ ಕೆಲವೇ ವಾರ್ಮ್-ಅಪ್ ಚೆಂಡುಗಳಿರುವುದು ಇಷ್ಟನ್ನು ಅಳೆಯಲು. ಒಂದನ್ನಾದರೂ ಕ್ಯಾಚರ್ ಹಿಡಿಯದೆ ನೆಲಕ್ಕೆ ಬೀಳಲು ಬಿಡಲಿ ಎಂದು ಮೊದಲೇ ಹೇಳಿಡಿ. ಇಲ್ಲದಿದ್ದರೆ ಚೆಂಡು ಎಲ್ಲಿ ಬೀಳುತ್ತಿತ್ತು ಎಂದು ನಿಮಗೆ ಗೊತ್ತಾಗುವುದಿಲ್ಲ.